ಮೊದಲ ದೋಸೆಯ ಮೈಲೇಜು

ನಮ್ಮ ಮನೆ ಗಿರಿನಗರದಲ್ಲಿ, ಆಫೀಸು ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಐದು ಕಿಲೋಮೀಟರ್ ಆಸುಪಾಸು. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಕಾರು ತಗೊಂಡ ಹೊಸದರಲ್ಲಿ ದಿನಾ ಸಂಜೆ ಮೀಟರ್ ನೋಡಿ ಹೊಟ್ಟೆ ಉರಿಯುತ್ತಿತ್ತು. ಲೀಟರಿಗೆ 14. ಒಂದೊಂದು ದಿನ 13. ಶೋರೂಮಿನಲ್ಲಿ ಹೇಳಿದ್ದು ಅದರ ಎರಡರಷ್ಟು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, "ಹೊಸ ಗಾಡಿ ಅಲ್ವಾ ಸಾರ್, ಎರಡು ಸರ್ವಿಸ್ ಆಗ್ಲಿ, ಸರಿಹೋಗುತ್ತೆ" ಅಂದರು. ಎರಡು ಸರ್ವಿಸ್ ಆಯಿತು. ಸರಿಹೋಗಲಿಲ್ಲ. ವಿಚಿತ್ರ ಅಂದರೆ, ಅದೇ ಕಾರು ಭಾನುವಾರ ಊರೆಲ್ಲ ಸುತ್ತಿ ಬಂದರೆ ಸಲೀಸಾಗಿ 20 ದಾಟುತ್ತಿತ್ತು. ಅಂದರೆ ಕಾರು ಸರಿಯಾಗಿಯೇ ಇದೆ, ತೊಂದರೆ ಇರುವುದು ಆ ಐದು ಕಿಲೋಮೀಟರಿನಲ್ಲಿ.

ಮನೆಯಲ್ಲಿ ದೋಸೆ ಹುಯ್ಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾವಲಿ ಕಾಯುವ ತನಕ ಗ್ಯಾಸ್ ಸುಮ್ನೆ ಉರಿಯಬೇಕು. ಮೊದಲ ದೋಸೆ ಹೇಗೂ ಅಂಟಿಕೊಳ್ಳುತ್ತದೆ. ಇಪ್ಪತ್ತು ದೋಸೆ ಹುಯ್ಯುವವರಿಗೆ ಆ ನಷ್ಟ ಲೆಕ್ಕಕ್ಕಿಲ್ಲ. ಆದರೆ ಒಂದೇ ದೋಸೆ ಹುಯ್ದು ಒಲೆ ಆರಿಸಿ, ಸಂಜೆ ಮತ್ತೆ ಹಚ್ಚಿ ಇನ್ನೊಂದು ಹುಯ್ದರೆ? ನಾನು ದಿನಾ ಮಾಡುತ್ತಿದ್ದದ್ದು ಅದನ್ನೇ.

ತಣ್ಣಗಿರುವ ಎಂಜಿನ್‌ನಲ್ಲಿ ಆಯಿಲ್ ಮಂದವಾಗಿರುತ್ತದೆ, ಅದನ್ನು ಕಲಕಿಕೊಂಡು ತಿರುಗುವುದಕ್ಕೇ ಒಂದಷ್ಟು ಶಕ್ತಿ ಹೋಗುತ್ತದೆ. ತಣ್ಣನೆಯ ಲೋಹದ ಮೇಲೆ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಸುರಿಯಬೇಕು. ಇದು ಎಲ್ಲ ಪೆಟ್ರೋಲ್ ಕಾರಿಗೂ ಇರುವ ಪಾಡು. ಹೈಬ್ರಿಡ್‌ನಲ್ಲಿ ಕಣ್ಣಿಗೆ ಹೊಡೆಯುವುದು ಬೇರೊಂದು. ಬೆಳಿಗ್ಗೆ ಬ್ಯಾಟರಿ ಮುಕ್ಕಾಲು ತುಂಬಿದೆ ಅಂತ ಪರದೆ ತೋರಿಸುತ್ತಿರುತ್ತದೆ. ಕಾರು ನಿಂತಲ್ಲೇ ಇದೆ. ಆದರೂ ಎಂಜಿನ್ ಗುರ್ ಅಂತ ಶುರುವಾಗುತ್ತದೆ. ಬ್ಯಾಟರಿ ಇಟ್ಟುಕೊಂಡು ಪೆಟ್ರೋಲ್ ಯಾಕೆ ಸುಡ್ತೀಯಪ್ಪ ಅಂತ ಎಷ್ಟೋ ಸಲ ಬೈದಿದ್ದೇನೆ.

ಆಗ ಅದು ಸುಡುವುದು ಚಕ್ರ ತಿರುಗಿಸಲಿಕ್ಕಲ್ಲ, ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಲಿಕ್ಕೆ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿದ ಜೇನುಗೂಡಿನಂಥ ಒಂದು ತುಂಡು ಇರುತ್ತದೆ. ವಿಷದ ಹೊಗೆಯನ್ನು ಶುದ್ಧ ಮಾಡುವುದು ಅದೇ. ಆದರೆ ಸುಮಾರು 250ರಿಂದ 300 ಡಿಗ್ರಿ ಬಿಸಿ ಆಗುವ ತನಕ ಅದು ಕೆಲಸಕ್ಕೆ ಇಳಿಯುವುದಿಲ್ಲ. ಅದಕ್ಕೇ ಕಾರಿನ ಕಂಪ್ಯೂಟರ್ ಕಿಡಿ ಹಾರುವ ಹೊತ್ತನ್ನು ಬೇಕಂತಲೇ ತಡ ಮಾಡುತ್ತದೆ. ಪೆಟ್ರೋಲಿನ ಕಾವು ಪಿಸ್ಟನ್ ತಳ್ಳುವುದರ ಬದಲು ಹೊಗೆಯ ಜೊತೆ ಹೊರಗೆ ಹೋಗಿ ಕನ್ವರ್ಟರನ್ನು ಕಾಯಿಸುತ್ತದೆ. ಟೊಯೊಟಾ ಮಾದರಿಯ ಹೈಬ್ರಿಡ್‌ಗಳಲ್ಲಿ ಈ ಮೊದಲ ಘಟ್ಟ ಒಂದು ನಿಮಿಷದ ಹತ್ತಿರ. ಆ ಹೊತ್ತಿನಲ್ಲಿ ಕಾರನ್ನು ಮುಂದಕ್ಕೆ ಎಳೆಯುವುದು ಹೆಚ್ಚುಕಡಿಮೆ ಬ್ಯಾಟರಿಯೇ.

ಇದು ಗೊತ್ತಾದ ಮೇಲೆ ನಾನು ಬದಲಿಸಿಕೊಂಡ ಮೊದಲ ಅಭ್ಯಾಸ: ಕಾರು ಬಿಸಿಯಾಗಲಿ ಅಂತ ಗೇಟಿನ ಮುಂದೆ ಕಾಯುವುದಿಲ್ಲ. ಆನ್ ಮಾಡಿದ ಕೂಡಲೇ ಹೊರಡುತ್ತೇನೆ, ಆದರೆ ನಮ್ಮ ಬೀದಿ ಮುಗಿಯುವ ತನಕ ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಆ ಒಂದು ನಿಮಿಷದಲ್ಲಿ ಜೋರಾಗಿ ಒತ್ತಿದರೆ ಅರೆಬೆಂದ ಎಂಜಿನ್ ಚಕ್ರಕ್ಕೂ ದುಡಿಯಬೇಕಾಗುತ್ತದೆ. ಅದಕ್ಕಿಂತ ದುಬಾರಿ ಪೆಟ್ರೋಲ್ ಇನ್ನೊಂದಿಲ್ಲ.

ಟೊಯೊಟಾ ಎಂಜಿನಿಯರ್‌ಗಳಿಗೂ ಈ ತಲೆನೋವು ಗೊತ್ತಿತ್ತು. ಅವರ ಹೈಬ್ರಿಡ್ ಕಾರು ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ. ಅದರ ಎರಡನೇ ತಲೆಮಾರಿನ ಕಾರನ್ನು ಅಮೆರಿಕದಲ್ಲಿ ಮಾರುವಾಗ ಒಳಗೆ ಒಂದು ಫ್ಲಾಸ್ಕ್ ಇಟ್ಟಿದ್ದರು. ತಮಾಷೆಯಲ್ಲ, ನಾವು ಕಾಫಿ ತುಂಬಿಕೊಂಡು ಹೋಗುವ ಫ್ಲಾಸ್ಕಿನ ಅಣ್ಣನಂಥದ್ದು. ಕಾರು ಆಫ್ ಮಾಡಿದಾಗ ಎಂಜಿನ್ ಸುತ್ತ ಹರಿಯುವ ಬಿಸಿ ಕೂಲೆಂಟ್ ಅದರೊಳಗೆ ಹೋಗಿ ಕೂರುತ್ತದೆ. ಮಾರನೇ ದಿನ ಸ್ಟಾರ್ಟ್ ಮಾಡುವ ಮುಂಚೆ ಅದೇ ಬಿಸಿ ನೀರು ಎಂಜಿನ್ನಿಗೆ ವಾಪಸ್. ನನಗೆ ತುಂಬಾ ಇಷ್ಟವಾದ ಉಪಾಯ ಅದು. ಮೂರನೇ ತಲೆಮಾರಿನಲ್ಲಿ ಫ್ಲಾಸ್ಕ್ ತೆಗೆದು, ಹೊರಗೆ ಹೋಗುವ ಹೊಗೆಯ ಬಿಸಿಯನ್ನೇ ಕೂಲೆಂಟಿಗೆ ದಾಟಿಸುವ ಏರ್ಪಾಡು ತಂದರು.

ಈಗ ಶೋರೂಮಿನಲ್ಲಿ ಹೇಳಿದ್ದ ಆ 28ರ ಲೆಕ್ಕಕ್ಕೆ ಬರೋಣ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್ ಹೈಬ್ರಿಡ್‌ಗೆ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ ಲೀಟರಿಗೆ 27.97 ಕಿಲೋಮೀಟರ್. ಇದು ಸುಳ್ಳಲ್ಲ. ಆದರೆ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ಉರುಳೆಗಳ ಮೇಲೆ, ಏಸಿ ಆಫ್ ಮಾಡಿ. ಓಟ ಸುಮಾರು 11 ಕಿಲೋಮೀಟರ್, ಹೊತ್ತು ಸುಮಾರು 20 ನಿಮಿಷ. ನನಗೂ ಆಫೀಸಿಗೆ 20 ನಿಮಿಷವೇ ಬೇಕು, ಆದರೆ ಅಷ್ಟರಲ್ಲಿ ನಾನು ಅದರ ಅರ್ಧ ದೂರವೂ ಹೋಗಿರುವುದಿಲ್ಲ. ಉಳಿದದ್ದೆಲ್ಲ ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿಗೆ ಅರ್ಪಣೆ.

ಸಿಗ್ನಲ್ಲಿನಲ್ಲಿ ಏನಾಗುತ್ತದೆ ಅಂತ ಒಂದು ಸಣ್ಣ ಲೆಕ್ಕ. ಜನರನ್ನೂ ಸೇರಿಸಿ 1,300 ಕಿಲೋ ತೂಗುವ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಅದರೊಳಗಿನ ಚಲನೆಯ ಶಕ್ತಿ 125 ಕಿಲೋಜೂಲ್. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು 30 ಪರ್ಸೆಂಟ್ ಮಾತ್ರ ಕೆಲಸಕ್ಕೆ ತರುತ್ತದೆ ಅಂತ ಇಟ್ಟುಕೊಂಡರೆ, ಆ ವೇಗಕ್ಕೆ ಬರಲಿಕ್ಕೆ 12ರಿಂದ 13 ಮಿಲಿಲೀಟರ್ ಪೆಟ್ರೋಲ್ ಬೇಕು. ಎರಡೂವರೆ ಟೀ ಚಮಚ. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಆ ಎರಡೂವರೆ ಚಮಚ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಡೈನಮೋ ಆಗಿ ಒಂದು ಪಾಲನ್ನು ಬ್ಯಾಟರಿಗೆ ಹಾಕುತ್ತದೆ. ಆದರೆ ಮೆಲ್ಲಗೆ, ಮುಂಚೆಯೇ ಬ್ರೇಕ್ ಹಿಡಿದರೆ ಮಾತ್ರ. ಆಟೋ ಹಿಂದೆ ಬಂದು ಗಕ್ಕನೆ ನಿಲ್ಲಿಸಿದರೆ ಮೋಟಾರಿನ ಕೈಲಿ ಅಷ್ಟು ಸೆಳೆಯಲಿಕ್ಕೆ ಆಗುವುದಿಲ್ಲ, ಮಾಮೂಲಿ ಬ್ರೇಕೇ ಕಚ್ಚುತ್ತದೆ. ಚಮಚ ಕೈತಪ್ಪಿತು.

ಆ ಬ್ಯಾಟರಿಯಾದರೂ ಎಷ್ಟು ದೊಡ್ಡದು? ಹೈರೈಡರ್‌ನಲ್ಲಿ 0.76 ಕಿಲೋವ್ಯಾಟ್ ಅವರ್. ಬೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್. ಬ್ಯಾಟರಿ ಬಾಳಿಕೆ ಬರಲಿ ಅಂತ ಇಂಥ ಕಾರುಗಳು ಅದನ್ನು ಪೂರ್ತಿ ಖಾಲಿಯೂ ಮಾಡುವುದಿಲ್ಲ, ಪೂರ್ತಿ ತುಂಬಿಸುವುದೂ ಇಲ್ಲ. ಬಳಕೆಗೆ ಸಿಗುವುದು ನಡುವಿನ ಅರ್ಧದಷ್ಟು ಅಂದುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಏಸಿ ಒಂದು ಕಿಲೋವ್ಯಾಟ್ ಎಳೆದರೆ 20 ನಿಮಿಷದ ಆಸುಪಾಸಿನಲ್ಲಿ ಅದು ಮುಗಿಯಿತು. ನಿಂತಲ್ಲೇ ಎಂಜಿನ್ ಮತ್ತೆ ಶುರು. ಹಾಗಂತ ಏಸಿ ಹಾಕದೆ ಬೆವರಿ ಎಂದು ಹೇಳುವವನು ನಾನಲ್ಲ. ನೆರಳಿನಲ್ಲಿ ನಿಲ್ಲಿಸಿ, ಹತ್ತುವಾಗ ಎರಡು ನಿಮಿಷ ಕಿಟಕಿ ತೆಗೆದು ಬಿಸಿಗಾಳಿ ಹೊರಗೆ ಬಿಡಿ, ಅಷ್ಟು ಸಾಕು.

ಇನ್ನು ಇವಿ ಬಟನ್, ಅಂದರೆ ಬರೀ ಬ್ಯಾಟರಿಯಲ್ಲಿ ಓಡಿಸುವ ಬಟನ್. ಹೊಸದರಲ್ಲಿ ಎಲ್ಲರಿಗೂ ಅದರ ಮೇಲೆ ಮೋಹ. ಎಂಜಿನ್ ಎಚ್ಚರವಾಗದ ಹಾಗೆ ಬೆಕ್ಕಿನ ಹೆಜ್ಜೆಯಲ್ಲಿ ಓಡಿಸುತ್ತೇವೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಗೋಡೆಗೆ ಪ್ಲಗ್ ಹಾಕದ ಹೈಬ್ರಿಡ್‌ನಲ್ಲಿ ಬ್ಯಾಟರಿಯ ಕರೆಂಟೆಲ್ಲ ಮೂಲದಲ್ಲಿ ಪೆಟ್ರೋಲಿನದ್ದೇ, ಅಲ್ವಾ? ಎಂಜಿನ್‌ನಿಂದ ಜನರೇಟರ್, ಅಲ್ಲಿಂದ ಬ್ಯಾಟರಿ, ಅಲ್ಲಿಂದ ಮೋಟಾರು. ಪ್ರತಿ ಕೈ ಬದಲಾದಾಗಲೂ ಕಮಿಷನ್ ಹೋಗುತ್ತದೆ. ಎಂಜಿನ್ ಚೆನ್ನಾಗಿ ದುಡಿಯುವುದು ಹದವಾದ ಭಾರ ಬಿದ್ದಾಗ. ಹಾಗಾಗಿ ಕಾದ ಮೇಲೆ ಅಂಜಿಕೆಯಿಲ್ಲದೆ ಬೇಕಾದ ವೇಗಕ್ಕೆ ಬಂದು, ಆಮೇಲೆ ಕಾಲು ಸಡಿಲಿಸಿ ತೇಲಿಸುವುದು ಒಳ್ಳೆಯದು. ಇವಿ ಬಟನ್ ನನಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಒಂದೇ ಕಡೆ. ಪಕ್ಕದ ಮನೆಯವರು "ಸಾರ್, ಗಾಡಿ ಸ್ವಲ್ಪ ಹಿಂದಕ್ಕೆ" ಅಂತ ಬೆಲ್ ಮಾಡುತ್ತಾರಲ್ಲ, ಆಗ. ಹತ್ತು ಅಡಿ ಸರಿಸಲಿಕ್ಕೆ ಎಂಜಿನ್ ಶುರುವಾದರೆ ಕಾಯಿಸುವ ಖರ್ಚೆಲ್ಲ ದಂಡ.

ನನ್ನ ಮೀಟರಿಗೆ ಎಲ್ಲಕ್ಕಿಂತ ಜಾಸ್ತಿ ಗುಣ ಕೊಟ್ಟದ್ದು ಕಾಲಿನ ಚಮತ್ಕಾರ ಅಲ್ಲ, ಕೆಲಸ ಜೋಡಿಸುವುದು. ಮುಂಚೆ ಆಫೀಸಿನಿಂದ ಮನೆ, ಎಂಟಕ್ಕೆ ಗಾಂಧಿ ಬಜಾರ್, ಒಂಬತ್ತಕ್ಕೆ ಮೆಡಿಕಲ್ ಶಾಪು. ಮೂರು ಸಲ ಒಲೆ ಹಚ್ಚಿದ ಹಾಗೆ. ಈಗ ದೂರದ ಕೆಲಸ ಮೊದಲು, ಎಂಜಿನ್ ಪೂರ್ತಿ ಕಾಯಲಿ ಅಂತ. ಹತ್ತಿರದ ಅಂಗಡಿಗಳು ವಾಪಸ್ ಬರುವ ದಾರಿಯಲ್ಲಿ. ಹದಿನೈದು ನಿಮಿಷ ಸೊಪ್ಪು ಆರಿಸಿಕೊಂಡು ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುವುದಿಲ್ಲ. ಜೊತೆಗೆ ತಿಂಗಳಿಗೆರಡು ಸಲ ಟೈರಿನ ಗಾಳಿ. ಇಷ್ಟರಿಂದ 14 ಇದ್ದದ್ದು 17, 18ರ ಹತ್ತಿರ ಬಂತು. ಪರದೆಯ ಅಂಕಿಯಲ್ಲ, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಹಾಕಿದ ಲೆಕ್ಕ.

ಮಿನಿಯಾಪೊಲಿಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದರೆ ನಗುತ್ತಾನೆ. ಅವನಿಗೆ ಜನವರಿಯಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಕಾರಿನೊಳಗಿನ ಹೀಟರಿಗೆ ಬಿಸಿ ಸಿಗುವುದು ಎಂಜಿನ್ನಿನಿಂದಲೇ, ಹಾಗಾಗಿ ಸಿಗ್ನಲ್ಲಿನಲ್ಲೂ ಅದು ಆಫ್ ಆಗುವುದಿಲ್ಲ. ಅವನು ಮೊದಲ ಹತ್ತು ನಿಮಿಷ ಹೀಟರ್ ಬಿಟ್ಟು ಸೀಟು ಮಾತ್ರ ಬಿಸಿ ಮಾಡಿಕೊಂಡು ಹೋಗುತ್ತಾನಂತೆ.

ಕೊನೆಗೆ ದುಡ್ಡಿನ ಮಾತು. ದಿನಕ್ಕೆ 10 ಕಿಲೋಮೀಟರ್, 25 ದಿನ, ತಿಂಗಳಿಗೆ 250. ಹದಿನಾಲ್ಕರ ಲೆಕ್ಕದಲ್ಲಿ ಸುಮಾರು 18 ಲೀಟರ್, ಹದಿನೆಂಟರ ಲೆಕ್ಕದಲ್ಲಿ ಸುಮಾರು 14. ಇಷ್ಟೆಲ್ಲ ಸರ್ಕಸ್ಸಿಗೆ ಉಳಿದದ್ದು ನಾಲ್ಕು ಲೀಟರ್. ಹೈಬ್ರಿಡ್ ಅಂತ ಲಕ್ಷಗಟ್ಟಲೆ ಜಾಸ್ತಿ ಕೊಟ್ಟದ್ದು ಈ ಲೆಕ್ಕದಲ್ಲಿ ನನ್ನ ಕಾಲಕ್ಕೆ ವಾಪಸ್ ಬರುವುದಿಲ್ಲ. ದಿನಾ 40, 50 ಕಿಲೋಮೀಟರ್ ಊರೊಳಗೇ ಸುತ್ತುವವರಿಗೆ ಈ ಕಾರು ಸರಿ. ಐದು ಕಿಲೋಮೀಟರಿನ ಆಫೀಸಿಗೆ ಮಾತ್ರ ಬೇಕು ಅಂತ ಯಾರಾದರೂ ಕೇಳಿದರೆ ನಾನು ಬೇಡ ಅನ್ನುತ್ತೇನೆ. ಮಳೆಯಿಲ್ಲದ ದಿನ ನಾನೇ ಹಳೇ ಸ್ಕೂಟರ್ ತೆಗೆಯುತ್ತೇನೆ. ಕಾರು ಗೇಟಿನೊಳಗೆ ಇರುತ್ತದೆ, ಪಕ್ಕದ ಮನೆಯವರು ಬೆಲ್ ಮಾಡುವ ತನಕ.