ಹೊಸ ಕೂಲರ್ ಹಾಕಿಸೋಕೆ ಮುಂಚೆ ಹಳೇದನ್ನ ಬಿಚ್ಚಿ ನೋಡಿ

ಯುಗಾದಿ ಕಳೆದರೆ ಸಾಕು, ದಾವಣಗೆರೆಯ ನಮ್ಮ ಕಂಪ್ಯೂಟರ್ ಸರ್ವಿಸ್ ಅಂಗಡಿಗೆ ಒಂದೇ ಥರದ ಫೋನ್ ಶುರುವಾಗುತ್ತದೆ. "ಸರ್, ಪ್ರೊಸೆಸರ್ 88 ಡಿಗ್ರಿ ತೋರಿಸ್ತಿದೆ. ಕೂಲರ್ ಹಳೇದಾಯ್ತು ಅನ್ಸುತ್ತೆ. ಹೊಸದು ಯಾವುದು ಹಾಕಿಸ್ಲಿ?" ಮದುವೆ ವಿಡಿಯೋ ಎಡಿಟ್ ಮಾಡುವವರು, ಮನೆ ಪ್ಲಾನ್ ಹಾಕುವ ಇಂಜಿನಿಯರ್‌ಗಳು, ಗೇಮ್ ಆಡುವ ಕಾಲೇಜು ಹುಡುಗರು, ಎಲ್ಲರದ್ದೂ ಇದೇ ಪ್ರಶ್ನೆ. ನಾನು ಮೊದಲು ಕೇಳುವುದು ಬೇರೆ: ಜನವರಿಯಲ್ಲಿ ಎಷ್ಟು ತೋರಿಸುತ್ತಿತ್ತು?

ಏಕೆಂದರೆ ಪ್ರೊಸೆಸರನ್ನು ಗಾಳಿಯಿಂದ ತಣ್ಣಗಾಗಿಸುವ ಕೂಲರ್, ಎಷ್ಟೇ ದುಬಾರಿಯಾದರೂ, ರೂಮಿನ ಗಾಳಿಗಿಂತ ಕೆಳಗೆ ಇಳಿಸಲಾರದು. ಚಳಿಗಾಲದ ಸಂಜೆ ರೂಮು 25 ಡಿಗ್ರಿ ಇದ್ದಾಗ ಪ್ರೊಸೆಸರ್ 75 ತೋರಿಸುತ್ತಿತ್ತು ಅಂದುಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಅದೇ ರೂಮು 38. ಅದೇ ಕೆಲಸಕ್ಕೆ ಈಗ ಪ್ರೊಸೆಸರ್ 88 ತೋರಿಸಲೇಬೇಕು. ಎರಡರ ನಡುವಿನ ಅಂತರ ಆಗಲೂ 50, ಈಗಲೂ 50. ಅಂದರೆ ಕೂಲರ್ ಕೆಟ್ಟಿಲ್ಲ, ಬೇಸಿಗೆ ಬಂದಿದೆ ಅಷ್ಟೇ. ನೋಡಬೇಕಾದ್ದು ಈ ಅಂತರವನ್ನು, ಬರೀ ಪ್ರೊಸೆಸರ್ ಡಿಗ್ರಿಯನ್ನಲ್ಲ. ಅಂತರ ಜಾಸ್ತಿಯಾಗಿದ್ದರೆ ಆಗ ಮಾತ್ರ ಏನೋ ತೊಂದರೆ ಇದೆ ಅಂತ ಅರ್ಥ.

ಇನ್ನು "ಹಳೇ ಕೂಲರ್" ಅನ್ನುವ ಮಾತು. ಟವರ್ ಕೂಲರ್ ಅಂದರೆ ಏನು? ಕೆಳಗೊಂದು ತಾಮ್ರದ ತಳ, ಅದರಿಂದ ಮೇಲೆದ್ದ ನಾಲ್ಕೋ ಆರೋ ತಾಮ್ರದ ಕೊಳವೆ, ಕೊಳವೆಗೆ ಪೋಣಿಸಿದ ಅಲ್ಯೂಮಿನಿಯಂ ತಗಡು, ಪಕ್ಕಕ್ಕೊಂದು ಫ್ಯಾನ್. ಆ ಕೊಳವೆಯೇ ಹೀಟ್ ಪೈಪ್. ಒಳಗಿನ ಗಾಳಿ ತೆಗೆದು, ಸ್ವಲ್ಪವೇ ಸ್ವಲ್ಪ ನೀರು ಹಾಕಿ, ಎರಡೂ ತುದಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ಕಡಿಮೆ ಇರುವುದರಿಂದ ನೀರು ಆವಿಯಾಗಲು 100 ಡಿಗ್ರಿ ಬೇಕಾಗುವುದಿಲ್ಲ. ಪ್ರೊಸೆಸರ್ ಕಡೆ ಆವಿಯಾಗಿ ಮೇಲೆ ಹೋಗುತ್ತದೆ, ತಗಡಿಗೆ ಬಿಸಿ ಕೊಟ್ಟು ಮತ್ತೆ ನೀರಾಗುತ್ತದೆ, ಕೊಳವೆಯ ಒಳಗೋಡೆಗೆ ಅಂಟಿಸಿದ ತಾಮ್ರದ ಪುಡಿ ಆ ನೀರನ್ನು ಹೀರಿಕೊಂಡು ವಾಪಸ್ ಕೆಳಗೆ ತರುತ್ತದೆ. ತಿರುಗುವ ಭಾಗ ಒಂದೂ ಇಲ್ಲ. ಕೊಳವೆ ಒಡೆಯದಿದ್ದರೆ, ಬಗ್ಗದಿದ್ದರೆ, ಹತ್ತು ವರ್ಷದ ನಂತರವೂ ಹೀಗೇ ನಡೆಯುತ್ತಿರುತ್ತದೆ. ಹಳೇದಾಗುವುದು ಎರಡೇ: ಫ್ಯಾನು, ಮತ್ತು ಪ್ರೊಸೆಸರ್‌ಗೂ ತಳಕ್ಕೂ ನಡುವೆ ಬಿಸಿ ದಾಟಲೆಂದು ಹಚ್ಚುವ ಪೇಸ್ಟು.

ಹಾಗಾದರೆ ಇಷ್ಟು ವರ್ಷದಲ್ಲಿ ಕೂಲರ್‌ಗಳು ಸುಧಾರಿಸಲೇ ಇಲ್ಲವಾ? ಸುಧಾರಿಸಿವೆ, ಆದರೆ ಮೆಲ್ಲಗೆ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ಬಂದದ್ದು 2014ರಲ್ಲಿ. ಆರು ಹೀಟ್ ಪೈಪ್, ಎರಡು 140 ಮಿಮೀ ಫ್ಯಾನ್. ಅದರ ಮುಂದಿನ ರೂಪ ಜಿ2 ಬಂದದ್ದು 2024ರಲ್ಲಿ. ಎಂಟು ಹೀಟ್ ಪೈಪ್, ಹೊಸ ಫ್ಯಾನ್, ಬಂದಾಗ ಬೆಲೆ 150 ಡಾಲರ್. ಹತ್ತು ವರ್ಷ ಕೂತು ಕೆಲಸ ಮಾಡಿ ಗಳಿಸಿದ್ದು ಕೆಲವೇ ಡಿಗ್ರಿ. ಇದು ಕಂಪನಿಯ ತಪ್ಪಲ್ಲ, ಉಳಿದಿರುವ ಜಾಗವೇ ಅಷ್ಟು. ತಮಾಷೆ ಅಂದರೆ, ಇದೇ ಕಂಪನಿ 2023ರಲ್ಲಿ ಎಎಮ್‌ಡಿ ಕಂಪನಿಯ ಪ್ರೊಸೆಸರ್ ಕೂರುವ ಮದರ್‌ಬೋರ್ಡ್‌ಗಳಿಗೆಂದು ಒಂದು ಚಿಕ್ಕ ಲೋಹದ ಪಟ್ಟಿ ಬಿಟ್ಟಿತು. ಎಎಮ್‌ಡಿಯ ರೈಜನ್ ಪ್ರೊಸೆಸರ್‌ಗಳಲ್ಲಿ ಬಿಸಿಯಾಗುವ ಚಿಪ್ ಸರಿಯಾಗಿ ನಡುಮಧ್ಯ ಇರುವುದಿಲ್ಲ, ಒಂದು ಬದಿಗೆ ಇರುತ್ತದೆ. ಆ ಪಟ್ಟಿ ಹಾಕಿದರೆ ಕೂಲರ್ ಏಳು ಮಿಮೀ ಆ ಕಡೆ ಸರಿಯುತ್ತದೆ. ಅಷ್ಟಕ್ಕೇ 1ರಿಂದ 3 ಡಿಗ್ರಿ ಇಳಿಯುತ್ತದೆ ಅಂತ ಅವರೇ ಹೇಳುತ್ತಾರೆ. ನಾಕ್ಟುವಾದ ಹಳೇ ಕೂಲರ್‌ಗಳಲ್ಲಿ ಹಲವಕ್ಕೂ ಅದು ಕೂರುತ್ತದೆ.

ಉಳಿದಿರುವ ಜಾಗ ಕಡಿಮೆ ಯಾಕೆ ಅಂದರೆ, ಈಗಿನ ಬಿಸಿ ಸಿಕ್ಕಿಬೀಳುವುದು ಕೂಲರ್‌ನಲ್ಲಲ್ಲ, ಅದಕ್ಕೂ ಮೊದಲೇ. ರೈಜನ್ 7000 ಸರಣಿಯಲ್ಲಿ ಎಂಟು ಕೋರ್ ಇರುವ ಚಿಪ್ಪಿನ ಅಳತೆ ಸುಮಾರು 70 ಚದರ ಮಿಮೀ, ಕಿರುಬೆರಳಿನ ಉಗುರಿನಷ್ಟು. ನೂರು ವ್ಯಾಟ್‌ಗೂ ಜಾಸ್ತಿ ಬಿಸಿ ಆ ಉಗುರಿನಷ್ಟು ಜಾಗದಿಂದ ಮೇಲಿನ ಲೋಹದ ಮುಚ್ಚಳಕ್ಕೆ ಹೋಗಬೇಕು, ಮುಚ್ಚಳದಿಂದ ಪೇಸ್ಟ್ ದಾಟಬೇಕು, ಆಮೇಲೆ ಕೂಲರ್ ತಳ. ರೂಮಿಗಿಂತ 50 ಡಿಗ್ರಿ ಜಾಸ್ತಿ ಅಂದೆನಲ್ಲ, ಅದರಲ್ಲಿ ಒಂದು ದೊಡ್ಡ ಪಾಲು ಈ ದಾರಿಯಲ್ಲೇ ಆಗಿಹೋಗಿರುತ್ತದೆ. ಆ ಪಾಲನ್ನು ಯಾವ ಕೂಲರ್ ಕೂಡ ಮುಟ್ಟಲಾರದು. ಉಳಿದ ಪಾಲಿನಲ್ಲಿ ಮಾತ್ರ ಹೊಸ ಕೂಲರ್‌ನ ಆಟ.

ಇದರ ಜೊತೆಗೆ ಇನ್ನೊಂದು ಗೊಂದಲ. ರೈಜನ್ 7600ಎಕ್ಸ್, 7700ಎಕ್ಸ್, 7950ಎಕ್ಸ್‌ನಂಥವು 2022ರಲ್ಲಿ ಬಂದಾಗ ಎಎಮ್‌ಡಿ ಮೊದಲೇ ಹೇಳಿತ್ತು: ಪೂರ್ತಿ ಕೆಲಸ ಕೊಟ್ಟರೆ ಇವು 95 ಡಿಗ್ರಿವರೆಗೆ ಹೋಗುತ್ತವೆ, ಅಲ್ಲೇ ನಿಂತು ಕೆಲಸ ಮಾಡುತ್ತವೆ, ಅದು ಅವುಗಳ ಸ್ವಭಾವ. ಹೀಗಿರುವಾಗ ದೊಡ್ಡ ಕೂಲರ್ ಹಾಕಿದರೆ ಏನಾಗುತ್ತದೆ? ಪ್ರೊಸೆಸರ್ ಸಿಕ್ಕಿದ ಅವಕಾಶ ಬಳಸಿಕೊಂಡು ಇನ್ನೊಂದಿಷ್ಟು ವ್ಯಾಟ್ ಎಳೆದುಕೊಳ್ಳುತ್ತದೆ, ಸ್ವಲ್ಪ ಜೋರಾಗಿ ಓಡುತ್ತದೆ, ಮತ್ತೆ 95ರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ದುಡ್ಡು ಕೊಟ್ಟವರಿಗೆ ಬೇಜಾರು. ಕೂಲರ್ ಕೆಲಸ ಮಾಡಿದೆ, ಆದರೆ ಅದು ಡಿಗ್ರಿಯಲ್ಲಿ ಕಾಣುವುದಿಲ್ಲ.

ಅದಕ್ಕೇ ನಾನು ಡಿಗ್ರಿ ಜೊತೆ ಇನ್ನೆರಡು ಸಂಖ್ಯೆ ನೋಡಿ ಅನ್ನುವುದು. ಎಚ್‌ಡಬ್ಲ್ಯೂಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಸಾಫ್ಟ್‌ವೇರ್ ಹತ್ತು ನಿಮಿಷ ಓಡಿಸಿ. ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತಿದೆ? ಕ್ಲಾಕ್, ಅಂದರೆ ಪ್ರೊಸೆಸರ್ ಓಡುವ ವೇಗ, ಶುರುವಿನಲ್ಲಿ ಎಷ್ಟಿತ್ತು, ಹತ್ತನೇ ನಿಮಿಷಕ್ಕೆ ಎಷ್ಟಾಯಿತು? ಕ್ಲಾಕ್ ಹಾಗೇ ನಿಂತಿದ್ದರೆ 85 ಡಿಗ್ರಿ ಇದ್ದರೂ ನಿಮಗೆ ವೇಗದಲ್ಲಿ ನಷ್ಟವಿಲ್ಲ. ಹೊಸ ಕೂಲರ್ ಹಾಕಿ 75ಕ್ಕೆ ಇಳಿಸಿದರೂ ರೆಂಡರ್ ಮುಗಿಯುವ ಹೊತ್ತು ಹೆಚ್ಚುಕಮ್ಮಿ ಅಷ್ಟೇ. ಕ್ಲಾಕ್ ಜಾರುತ್ತಾ ಹೋಗಿದ್ದರೆ ಮಾತ್ರ ಮುಂದಿನ ವಿಚಾರ.

ಆ ಮುಂದಿನ ವಿಚಾರವೂ ಅಂಗಡಿಗೆ ಹೋಗುವುದಲ್ಲ, ಕ್ಯಾಬಿನೆಟ್ ಬಿಚ್ಚುವುದು. ಮೊದಲು ಪಕ್ಕದ ಗಾಜು ಅಥವಾ ತಗಡನ್ನು ತೆಗೆದಿಟ್ಟು ಅದೇ ಪರೀಕ್ಷೆ ಮಾಡಿ. ಐದಾರು ಡಿಗ್ರಿ ಇಳಿದರೆ ತೊಂದರೆ ಕೂಲರ್‌ನದ್ದಲ್ಲ, ಕ್ಯಾಬಿನೆಟ್ಟಿನದ್ದು. ಮುಂದೆ ಪೂರ್ತಿ ಗಾಜು, ಒಳಗೆ ಮಿನುಗುವ ಲೈಟು, ಗಾಳಿ ಹೋಗಲು ಪಕ್ಕದಲ್ಲಿ ಒಂದು ಸಂದಿ. ಇಂಥ ಕ್ಯಾಬಿನೆಟ್‌ಗಳು ನೋಡಲು ಚೆಂದ, ಆದರೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ ಪ್ರೊಸೆಸರ್ ಕೂಲರ್ ಮತ್ತೆ ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಅಲ್ಲಿಗೆ ಎಂಟು ಪೈಪಿನ ಕೂಲರ್ ಹಾಕಿಯೂ ಅಷ್ಟೇ. ಮುಂದೆ ಜಾಲರಿ ಇರುವ ಕ್ಯಾಬಿನೆಟ್, ಇಲ್ಲವೇ ಒಂದೆರಡು 120 ಮಿಮೀ ಫ್ಯಾನ್, ಇದಕ್ಕೆ ಹಾಕಿದ ದುಡ್ಡು ವಾಸಿ.

ಆಮೇಲೆ ಧೂಳು. ಕೂಲರನ್ನು ಹೊರಗಿನಿಂದ ನೋಡಿದರೆ ಚೊಕ್ಕವಾಗೇ ಕಾಣುತ್ತದೆ. ಫ್ಯಾನ್ ಹಿಡಿದ ತಂತಿಯ ಕ್ಲಿಪ್ ಎರಡೂ ಬಿಚ್ಚಿ, ಫ್ಯಾನನ್ನು ಈಚೆ ತೆಗೆದು ನೋಡಬೇಕು. ತಗಡುಗಳ ಬಾಯಿಗೆ ಬೂದು ಬಣ್ಣದ ಒಂದು ಪದರ ಕೂತಿರುತ್ತದೆ, ಉಗುರಿನಲ್ಲಿ ಒಂದು ತುದಿ ಎತ್ತಿದರೆ ಬಟ್ಟೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಲೇ ಇದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಮನೆಯ ಕಂಪ್ಯೂಟರ್‌ನಲ್ಲಿ ಇದು ಒಣ ಧೂಳು, ಬ್ಲೋವರ್ ಹಿಡಿದರೆ ಹಾರಿಹೋಗುತ್ತದೆ. ಅಂಗಡಿ, ಸ್ಟುಡಿಯೋಗಳಲ್ಲಿ ಹಾಗಲ್ಲ. ದೇವರ ಫೋಟೋ ಕೆಳಗೇ ಕಂಪ್ಯೂಟರ್ ಇಟ್ಟು, ಬೆಳಗ್ಗೆ ಸಂಜೆ ಊದುಬತ್ತಿ ಹಚ್ಚುತ್ತಾರೆ. ಆ ಹೊಗೆಯ ಜಿಡ್ಡು ತಗಡಿಗೆ ಅಂಟಿ, ಅದರ ಮೇಲೆ ಧೂಳು ಕೂತು, ಬ್ಲೋವರ್‌ಗೆ ಜಗ್ಗುವುದಿಲ್ಲ. ಕೂಲರ್ ಪೂರ್ತಿ ಕಳಚಿ, ಫ್ಯಾನ್ ಬೇರೆ ಇಟ್ಟು, ಲೋಹದ ಭಾಗವನ್ನು ಬ್ರಷ್ ಹಾಕಿ ತೊಳೆದು, ಒಂದು ದಿನ ಒಣಗಿಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿಟ್ಟುಕೊಳ್ಳಿ, ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಕಳಚಿದ ಮೇಲೆ ಪೇಸ್ಟ್ ಹೊಸದು ಹಾಕಲೇಬೇಕು. ಹಳೇದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಒರೆಸಿ, ಆರ್ಕ್ಟಿಕ್ ಎಮ್‌ಎಕ್ಸ್-4 ಅಥವಾ ಅಂಥದ್ದೇ ಒಂದು ಒಳ್ಳೇ ಪೇಸ್ಟ್ ಹಾಕಿ. ಯಾವ ಆಕಾರದಲ್ಲಿ ಹಾಕಬೇಕು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಮೂಲೆ ಮೂಲೆಗೂ ತಲುಪಿದರೆ ಸಾಕು. ಫ್ಯಾನ್ ಗೊರಗುಟ್ಟುತ್ತಿದ್ದರೆ ಅದೊಂದನ್ನೇ ಬದಲಿಸಿ. 120 ಮಿಮೀ ಫ್ಯಾನ್ ಎಲ್ಲ ಕಡೆ ಸಿಗುತ್ತದೆ, ಅದಕ್ಕೋಸ್ಕರ ಇಡೀ ಕೂಲರ್ ಎಸೆಯುವುದು ದಂಡ.

ಇಷ್ಟಾದ ಮೇಲೂ ಬಿಸಿ ಇದ್ದರೆ, ದುಡ್ಡಿಲ್ಲದೆ ಮಾಡಬಹುದಾದ್ದು ಇನ್ನೊಂದಿದೆ. ಇಂಟೆಲ್ ಐ7-13700ಕೆ ಪೂರ್ತಿ ಬಿಟ್ಟರೆ 253 ವ್ಯಾಟ್‌ವರೆಗೆ ಎಳೆಯುತ್ತದೆ. ಬೋರ್ಡ್ ಮಾಡುವವರಲ್ಲಿ ಹಲವರು ಆ ಮಿತಿಯನ್ನೂ ಸಡಿಲ ಬಿಟ್ಟಿದ್ದರು. ಕೊನೆಯ ನೂರು ವ್ಯಾಟ್‌ಗೆ ಸಿಗುವ ವೇಗ ಬಹಳ ಕಡಿಮೆ, ಬಿಸಿ ಮಾತ್ರ ಪೂರ್ತಿ. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್‌ನಲ್ಲಿ, ಮಿತಿಯನ್ನು 150-160ಕ್ಕೆ ಇಳಿಸಿದರೆ ಸಾಧಾರಣ ಕೂಲರ್ ಕೂಡ ಉಸಿರಾಡುತ್ತದೆ. ರೈಜನ್‌ನಲ್ಲಿ ಇದಕ್ಕೆ ಇಕೋ ಮೋಡ್ ಅಂತ ಕೊಟ್ಟಿದ್ದಾರೆ. ನಮ್ಮಲ್ಲಿಗೆ ಬರುವ ವಿಡಿಯೋ ಎಡಿಟರ್‌ಗಳಿಗೆ ನಾನು ಹೆಚ್ಚಾಗಿ ಮಾಡಿಕೊಡುವುದು ಇದನ್ನೇ. ಯುಪಿಎಸ್ ಕೂಡ ಸ್ವಲ್ಪ ಜಾಸ್ತಿ ಹೊತ್ತು ಬರುತ್ತದೆ, ಅದು ಬೋನಸ್ಸು.

ಹಾಗಂತ ಕೂಲರ್ ಕೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಪ್ರೊಸೆಸರ್ ಡಬ್ಬಿಯಲ್ಲೇ ಬಂದ ಚಿಕ್ಕ ಸ್ಟಾಕ್ ಕೂಲರ್‌ನಲ್ಲಿ ಇನ್ನೂ ಇದ್ದೀರಾ? ದಿನವಿಡೀ ಕೆಲಸ ಕೊಡುತ್ತೀರಾ? ಖಂಡಿತ ಬದಲಿಸಿ. ರೈಜನ್ 5600ಎಕ್ಸ್ ಜೊತೆ ಬರುವ ರೇಯ್ತ್ ಸ್ಟೆಲ್ತ್‌ನಿಂದ ಡೀಪ್‌ಕೂಲ್ ಎಕೆ400ನಂಥ ನಾಲ್ಕು ಪೈಪಿನ ಟವರ್‌ಗೆ ಹೋದವರಿಗೆ ವ್ಯತ್ಯಾಸ ಎರಡಂಕಿಯ ಡಿಗ್ರಿಯಲ್ಲಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ ಕಿವಿಗೆ ಗೊತ್ತಾಗುತ್ತದೆ. ಸ್ಟಾಕ್ ಫ್ಯಾನಿನ ಕಿರುಚಾಟ ನಿಂತರೆ ಪಕ್ಕದಲ್ಲಿ ಕೂತು ಡಬ್ಬಿಂಗ್ ಕೂಡ ಮಾಡಬಹುದು. ನನ್ನ ಲೆಕ್ಕದಲ್ಲಿ ಹೊಸ ಕೂಲರ್ ಕೊಳ್ಳಲು ಸದ್ದು ಒಳ್ಳೇ ಕಾರಣ, ಡಿಗ್ರಿಗಿಂತ ಒಳ್ಳೇ ಕಾರಣ.

ಈ ಕೆಲವು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಬೆಲೆ. ಆರು ಪೈಪು, ಎರಡು ಟವರು, ಎರಡು ಫ್ಯಾನಿನ ಕೂಲರ್ ಅಂದರೆ ಮೊದಲು ದುಡ್ಡಿದ್ದವರ ಮಾತಾಗಿತ್ತು. ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ ಬಂದ ಮೇಲೆ ಅದು ನಾಲ್ಕು ಸಾವಿರದ ಆಸುಪಾಸಿಗೆ ಇಳಿಯಿತು. ಇದಕ್ಕಿಂತ ಮೇಲೆ ಹೋಗಿ ಅಂತ ನಾನು ಯಾರಿಗೂ ಸುಲಭಕ್ಕೆ ಹೇಳುವುದಿಲ್ಲ.

ಹೊಸ ಪ್ರೊಸೆಸರ್ ತೆಗೆದುಕೊಂಡವರು ಮಾತ್ರ ಹಳೇ ಕೂಲರ್ ಕೂರುತ್ತದಾ ಅಂತ ನೋಡಿಕೊಳ್ಳಿ. ಇಂಟೆಲ್ 11ನೇ ತಲೆಮಾರಿನವರೆಗಿನ ಸಾಮಾನ್ಯ ಬೋರ್ಡ್‌ಗಳಲ್ಲಿ ಸ್ಕ್ರೂ ತೂತುಗಳ ಅಂತರ 75 ಮಿಮೀ. 12ನೇ ತಲೆಮಾರಿನಿಂದ 78. ಪ್ರೊಸೆಸರ್ ಎತ್ತರವೂ ಸ್ವಲ್ಪ ತಗ್ಗಿತು. ಹೇಗೋ ಎಳೆದು ಕೂರಿಸಿದರೆ ತಳ ಸರಿಯಾಗಿ ಒತ್ತುವುದಿಲ್ಲ. ಕೂಲರ್ ಕೂರಿಸುವ ಹೊಸ ಕಿಟ್ ಬೇಕು, ಕೆಲವು ಕಂಪನಿಗಳು ಬಿಲ್ ತೋರಿಸಿದರೆ ಅದನ್ನು ಪುಕ್ಕಟೆ ಕಳಿಸುತ್ತವೆ. ಎಎಮ್‌ಡಿಯಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಹಳೇ ಎಎಮ್4ನಿಂದ ಹೊಸ ಎಎಮ್5ಗೆ ಹೋದರೂ, ಬೋರ್ಡಿನ ಸ್ವಂತ ಹಿಂಬದಿ ಪ್ಲೇಟನ್ನೇ ಬಳಸುವ ಕೂಲರ್ ಆಗಿದ್ದರೆ ಹಾಗೇ ಕೂರುತ್ತದೆ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿಯೋ ಆನ್‌ಲೈನಿನಲ್ಲೋ ತರಿಸುವ ಮುಂಚೆ ಟೇಪ್ ಹಿಡಿದು ಕ್ಯಾಬಿನೆಟ್ ಅಳೆಯಿರಿ. ಎನ್‌ಎಚ್-ಡಿ15 ಎತ್ತರ 165 ಮಿಮೀ, ಎಕೆ400 155. ರ‍್ಯಾಮ್‌ಗೆ ಎತ್ತರದ ಟೋಪಿ ಇದ್ದರೆ ಮುಂದಿನ ಫ್ಯಾನ್ ಅದಕ್ಕೆ ತಗಲುತ್ತದೆ. ತಳದ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ. ಅದರ ಸಮೇತ ಕೂರಿಸಿಕೊಂಡು "ಹೊಸ ಕೂಲರ್ ಸರಿಯಿಲ್ಲ ಅಣ್ಣ" ಅಂತ ಬರುವವರು ಈಗಲೂ ಇದ್ದಾರೆ. ಎಎಮ್4 ಬೋರ್ಡ್‌ನಿಂದ ಹಳೇ ಕೂಲರ್ ತೆಗೆಯುವವರಿಗೆ ಇನ್ನೊಂದು ಮಾತು. ಅದರಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಪೇಸ್ಟ್ ಒಣಗಿ ಹಿಡಿದಿದ್ದರೆ, ಕೂಲರ್ ಎಳೆದಾಗ ಪ್ರೊಸೆಸರ್ ಕೂಡ ಅದರ ಜೊತೆ ಕಿತ್ತುಕೊಂಡು ಬರುತ್ತದೆ, ಪಿನ್ ಬಗ್ಗುತ್ತದೆ. ಹತ್ತು ನಿಮಿಷ ಏನಾದರೂ ಭಾರದ ಕೆಲಸ ಕೊಟ್ಟು ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವುತ್ತಾ ಬಿಡಿಸಿ. ನೇರ ಮೇಲಕ್ಕೆ ಎಳೆಯಬೇಡಿ.