ಪದವಿಗೆ ಎಂಟು ವರ್ಷ ಹೆಚ್ಚು ಆಯಸ್ಸು: ಅಮೆರಿಕದಲ್ಲಿ ಅಂತರ ಬೆಳೆದ ಬಗೆ

ಅರ್ಥಶಾಸ್ತ್ರಜ್ಞರಾದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಹಾಕಿದ ಲೆಕ್ಕದಂತೆ, 2021ರಲ್ಲಿ 25ರ ಹರೆಯದ ಅಮೆರಿಕದ ಪದವೀಧರರು ಸುಮಾರು 83ರವರೆಗೆ ಬದುಕುವ ನಿರೀಕ್ಷೆಯಿತ್ತು. ನಾಲ್ಕು ವರ್ಷದ ಪದವಿ ಇಲ್ಲದವರಿಗೆ ಅದು ಸುಮಾರು 75. ಈ ಅಂತರ 1992ರಲ್ಲಿ ಎರಡೂವರೆ ವರ್ಷದ ಆಸುಪಾಸಿನಲ್ಲಿತ್ತು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವಂತಿಲ್ಲ, 2019ಕ್ಕೇ ಅದು ಆರು ವರ್ಷ ದಾಟಿತ್ತು.

ಓದು–ಆಯಸ್ಸಿನ ನಂಟನ್ನು ದೊಡ್ಡ ಪ್ರಮಾಣದಲ್ಲಿ ಅಳೆದವರು ಷಿಕಾಗೊ ವಿಶ್ವವಿದ್ಯಾಲಯದ ಎವೆಲಿನ್ ಕಿಟಗಾವಾ ಮತ್ತು ಫಿಲಿಪ್ ಹೌಸರ್. ಆಗ ಮರಣ ಪ್ರಮಾಣಪತ್ರದಲ್ಲಿ ಓದಿನ ಕಾಲಂ ಇರಲಿಲ್ಲ. ಹಾಗಾಗಿ 1960ರ ಮೇಯಿಂದ ಆಗಸ್ಟ್‌ವರೆಗಿನ ಸುಮಾರು 3.4 ಲಕ್ಷ ಮರಣ ಪ್ರಮಾಣಪತ್ರಗಳನ್ನು ಅದೇ ವರ್ಷದ ಏಪ್ರಿಲ್‌ನ ಜನಗಣತಿಯೊಂದಿಗೆ ತಾಳೆ ಹಾಕಬೇಕಾಯಿತು. ಪುಸ್ತಕ ಬಂದದ್ದು 1973ರಲ್ಲಿ! ಕಾಲಂ ಸೇರಿದ್ದು 1989ರಲ್ಲಿ. ವರ್ಷವರ್ಷದ ಲೆಕ್ಕ ಸಾಧ್ಯವಾದದ್ದು ಅಲ್ಲಿಂದೀಚೆಗೆ.

ಪ್ರತಿ ವಯಸ್ಸಿನಲ್ಲಿ ಆ ವರ್ಷ ಸತ್ತವರ ಸಂಖ್ಯೆಯನ್ನು ಆ ವಯಸ್ಸಿನ ಒಟ್ಟು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಅದೇ ದರ ಮುಂದೆಯೂ ಉಳಿದರೆ ಸರಾಸರಿ ಎಷ್ಟು ವರ್ಷ ಬದುಕಬಹುದು ಎಂಬುದೇ ನಿರೀಕ್ಷಿತ ಆಯಸ್ಸು. 25ರಿಂದ ಶುರು ಮಾಡುವುದು ಅಷ್ಟರಲ್ಲಿ ಬಹುತೇಕರ ಓದು ಮುಗಿದಿರುತ್ತದೆಂದು. ಲೆಕ್ಕ ಎಡವುವುದು ಎರಡು ಕಡೆ. ಸತ್ತವರ ಓದನ್ನು ಹೇಳುವವರು ಮನೆಯವರು. ಹೈಸ್ಕೂಲ್ ಅರ್ಧಕ್ಕೆ ಬಿಟ್ಟವರೂ ಅಲ್ಲಿ 'ಪಾಸ್' ಆಗಿಬಿಡುತ್ತಾರೆ. ಬದುಕಿರುವವರ ಸಂಖ್ಯೆ ಬೇರೆಯೇ ಸಮೀಕ್ಷೆಯಿಂದ ಬರುವುದರಿಂದ ಎರಡಕ್ಕೂ ಹೊಂದಿಕೆಯಾಗದು. ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮ. ಹೈಸ್ಕೂಲ್ ಮುಗಿಸದವರ ಗುಂಪು ಕರಗುತ್ತಾ ಬಂದಂತೆ ಅದರಲ್ಲಿ ಉಳಿಯುವವರು ಕಡುಬಡವರು, ರೋಗಿಷ್ಠರು. ಆಗ ಯಾರೂ ಮೊದಲಿಗಿಂತ ಬೇಗ ಸಾಯದಿದ್ದರೂ ಗುಂಪಿನ ಸರಾಸರಿ ಕುಸಿಯುತ್ತದೆ. ಪದವಿಯೊಂದನ್ನೇ ಗೆರೆಯಾಗಿ ಹಿಡಿದರೆ ಈ ದೋಷ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಅಂತರ ಹಿಗ್ಗಿದ್ದಕ್ಕೆ ಒಪಿಯಾಯ್ಡ್ (ಚಟ ಹಿಡಿಸುವ, ಅಫೀಮಿನ ಬಗೆಯ ನೋವುನಿವಾರಕಗಳು), ಆತ್ಮಹತ್ಯೆ, ಕುಡಿತದ ಲಿವರ್ ಕಾಯಿಲೆ ಹೆಚ್ಚು ಸುದ್ದಿಯಾದವು. ಹೃದ್ರೋಗದ ಪಾಲು ಅಷ್ಟಾಗಿ ಚರ್ಚೆಯಾಗಲಿಲ್ಲ. ದಶಕಗಳಿಂದ ಇಳಿಯುತ್ತಿದ್ದ ಅದರ ಸಾವುಗಳು ಪದವಿ ಇಲ್ಲದವರಲ್ಲಿ ಇಳಿಯುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದವು. ಅಮೆರಿಕದಲ್ಲಿ ಆರೋಗ್ಯ ವಿಮೆ ಬಹುಪಾಲು ನೌಕರಿಯೊಂದಿಗೇ ಬರುತ್ತದೆ, ಕಾರ್ಖಾನೆ ಮುಚ್ಚಿದಾಗ ಅದೂ ಹೋಗುತ್ತದೆ.

ಹಾಗಾದರೆ ಶಾಲೆಯಲ್ಲಿ ಒಂದು ವರ್ಷ ಹೆಚ್ಚು ಕೂರಿಸಿದರೆ ಆಯಸ್ಸು ಹೆಚ್ಚುತ್ತದೆಯೇ? ಬ್ರಿಟನ್ 1947ರಲ್ಲಿ ಶಾಲೆ ಬಿಡುವ ಕನಿಷ್ಠ ವಯಸ್ಸನ್ನು 14ರಿಂದ 15ಕ್ಕೆ ಏರಿಸಿತು. ಹೊಸ ನಿಯಮ ತಟ್ಟಿದ್ದು 1933ರ ಏಪ್ರಿಲ್‌ನಿಂದೀಚೆಗೆ ಹುಟ್ಟಿದವರಿಗೆ. 1933ರ ಏಪ್ರಿಲ್‌ಗೆ ತುಸು ಮೊದಲು ಹುಟ್ಟಿದವರನ್ನೂ ತುಸು ನಂತರ ಹುಟ್ಟಿದವರನ್ನೂ ಡೇಮನ್ ಕ್ಲಾರ್ಕ್ ಮತ್ತು ಹೆದರ್ ರಾಯರ್ 2013ರ ಅಧ್ಯಯನದಲ್ಲಿ ಹೋಲಿಸಿದರು. ನಂತರ ಹುಟ್ಟಿದವರ ಓದು ಹೆಚ್ಚಿತ್ತು, ಸಾವಿನ ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.