ರಾಯಚೂರಿನ ಬಿಸಿಲಿಗೆ ಯಾವ ಪ್ರೊಸೆಸರ್?

"ಐ7 ಅದರೀ, ಕಣ್ಮುಚ್ಚಿ ತಗೊಳ್ರಿ." ಮನೆಗೊಂದು ಕಂಪ್ಯೂಟರ್ ಬೇಕು ಅಂತ ಅಂಗಡಿಗೆ ಹೋದವರಿಗೆ ಇಂಥ ಮಾತು ಕೇಳಿಸುತ್ತದೆ. ದಯವಿಟ್ಟು ಕಣ್ಮುಚ್ಚಿ ತಗೊಳ್ಳಬೇಡಿ. ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪೇ ಪ್ರೊಸೆಸರ್, ಅದರ ಪೂರ್ತಿ ನಂಬರ್ ಕೇಳಿ.

ಐ7 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರ್‌ನ ದರ್ಜೆ ಹೇಳುತ್ತದೆ, ವಯಸ್ಸು ಹೇಳೋದಿಲ್ಲ. ಐ7-3770 ಅಂತಿದ್ದರೆ ಅದು 3ನೇ ತಲೆಮಾರಿನದು, 2012ರಲ್ಲಿ ಬಂದದ್ದು. ಐ3-12100 ಅಂದರೆ 12ನೇ ತಲೆಮಾರು, 2022ರದ್ದು. ಎರಡರಲ್ಲೂ 4 ಕೋರ್ (ಚಿಪ್ ಒಳಗಿನ ಕೆಲಸದ ಘಟಕ), 8 ಥ್ರೆಡ್ (ಒಟ್ಟೊಟ್ಟಿಗೆ ಸಾಗುವ ಕೆಲಸದ ಸಾಲು). ಆದರೂ ಕೆಲಸದಲ್ಲಿ ಈ ಐ3 ಮುಂದೆ ಆ ಐ7 ನಿಲ್ಲೋದಿಲ್ಲ. ಗಿಗಾಹರ್ಟ್ಸ್ ಅನ್ನೋದು ಪ್ರೊಸೆಸರ್ ಒಂದು ಸೆಕೆಂಡಿಗೆ ಎಷ್ಟು ನೂರು ಕೋಟಿ ಸಲ ಮಿಡಿಯುತ್ತದೆ ಎಂಬ ಲೆಕ್ಕ. ಒಂದೊಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನೋದು ಒಳಗಿನ ವಿನ್ಯಾಸಕ್ಕೆ ಬಿಟ್ಟದ್ದು. ಹತ್ತು ವರ್ಷದಲ್ಲಿ ಅದೇ ಜಾಸ್ತಿ ಸುಧಾರಿಸಿದೆ. ಮೇಲಾಗಿ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದದ್ದು ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದರ ಮೇಲಿನದು. ಹಳೇ ಐ7 ಆ ಪಟ್ಟಿಯಲ್ಲೇ ಇಲ್ಲ.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ಕಂಪನಿಯ ನಂಬರ್‌ಗಳನ್ನು ಇನ್ನೂ ಹುಷಾರಾಗಿ ಓದಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಬರುವ ರೈಜೆನ್ 5 7520ಯು 2022ರದ್ದೇ. ಆದರೆ ಒಳಗಿರೋದು 2019ರ ಜೆನ್ 2 ವಿನ್ಯಾಸ. ಆ ಮೂರನೇ ಅಂಕಿ 2 ಇದೆಯಲ್ವಾ, ಅದೇ ಗುರುತು. 7530ಯು ಆದರೆ ಜೆನ್ 3, ಜೊತೆಗೆ 4ರ ಬದಲು 6 ಕೋರ್. ಒಂದೇ ಅಂಕಿಯಲ್ಲಿ ಇಷ್ಟು ಅಂತರ ಇಡೋದು ಗ್ರಾಹಕರಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಇನ್ನು ಬಿಸಿಲಿನ ವಿಷಯ. ನಮ್ಮ ಭಾಗದಲ್ಲಿ ಇದನ್ನು ಬಿಟ್ಟು ಪ್ರೊಸೆಸರ್ ಆರಿಸೋಕೆ ಬರೋದಿಲ್ಲ.

ಪ್ರೊಸೆಸರ್ ನುಂಗಿದ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಫ್ಯಾನ್ ಏನು ಮಾಡುತ್ತದೆ? ಕೋಣೆಯ ಗಾಳಿಗೆ ಆ ಶಾಖ ದಾಟಿಸುತ್ತದೆ, ಅಷ್ಟೇ. ಕೋಣೆಗಿಂತ ತಣ್ಣಗೆ ಮಾಡಲು ಅದಕ್ಕೆ ಆಗದು. ಏಸಿ ಹಾಕಿದ 25 ಡಿಗ್ರಿ ಕೋಣೆಯಲ್ಲಿ ಒಂದು ಚಿಪ್ 75 ಡಿಗ್ರಿಗೆ ನಿಂತರೆ, ಅದು ಗಾಳಿಗಿಂತ 50 ಡಿಗ್ರಿ ಮೇಲಿದೆ ಅಂತಾಯಿತು. ಅದೇ ಕೆಲಸ, ಅದೇ ಫ್ಯಾನ್ ಇಟ್ಟು ಮೇ ತಿಂಗಳ ರಾಯಚೂರಿನ 42 ಡಿಗ್ರಿ ಕೋಣೆಗೆ ತನ್ನಿ. ಚಿಪ್ ಹತ್ತಿರಹತ್ತಿರ 92ಕ್ಕೆ ಹೋಗುತ್ತದೆ. ಬಹಳಷ್ಟು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟಿದರೆ ಸುಟ್ಟುಹೋಗದಿರಲಿ ಅಂತ ತಾವೇ ವೇಗ ಇಳಿಸಿಕೊಳ್ಳುತ್ತವೆ. ಹೆಚ್ಚು ದುಡ್ಡು ಕೊಟ್ಟು ತಂದ ವೇಗ ಮಧ್ಯಾಹ್ನ ಎರಡು ಗಂಟೆಗೆ ಸಿಗೋದೇ ಇಲ್ಲ.

ವೇಗ ಹೆಚ್ಚಿಸಲು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಶಾಖ ಏರೋದು ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ. ವೋಲ್ಟೇಜ್ 10% ಏರಿದರೆ ಅದೊಂದರಿಂದಲೇ ಶಾಖ 21% ಏರುತ್ತದೆ, ವೇಗ ಏರಿದ್ದರ ಲೆಕ್ಕ ಬೇರೆ. ಕೊನೇ ಚೂರು ವೇಗಕ್ಕೆ ತೆರುವ ಬೆಲೆ ಅದು. ಹಾಗಾಗಿ ಮನೆಗೆ 65 ವ್ಯಾಟ್ ಆಸುಪಾಸಿನ ಪ್ರೊಸೆಸರ್ ಸಾಕು. ಹೆಸರಿನ ಕೊನೆಗೆ 'ಕೆ' ಇರುವ ಇಂಟೆಲ್ ಚಿಪ್‌ಗಳು ವೇಗದ ಹುಚ್ಚಿರುವವರಿಗೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋದೂ ಕಡಿಮೆ ವ್ಯಾಟಿನ ಯಂತ್ರವೇ.

ಧೂಳನ್ನೂ ಲೆಕ್ಕಕ್ಕೆ ತಗೊಳ್ಳಿ. ಜಿನ್ನಿಂಗ್ ಮಿಲ್, ಅಕ್ಕಿ ಗಿರಣಿ ಹತ್ತಿರದ ಮನೆಯ ಹಳೇ ಕ್ಯಾಬಿನೆಟ್ ಬಿಚ್ಚಿದರೆ ಗೊತ್ತಾಗುತ್ತದೆ. ಚಿಪ್ಪಿನ ಶಾಖ ಹೀರುವ ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು, ಹತ್ತಿ ಎಳೆ ಸೇರಿ ಗಟ್ಟಿಯಾಗಿರುತ್ತವೆ. ಒಂದು ತುದಿ ಹಿಡಿದು ಎಳೆದರೆ ಇಡೀ ಪದರ ಎದ್ದು ಬರುತ್ತದೆ. ಗಾಳಿಯೇ ಆಡದಿದ್ದರೆ ಫ್ಯಾನ್ ತಿರುಗಿ ಏನು ಬಂತು?

ಕೋರ್ ಎಷ್ಟು ಬೇಕು? ಹತ್ತಿ ಬಿಡಿಸೋಕೆ ಹತ್ತು ಆಳು ಹಚ್ಚಿದರೆ ಬೇಗ ಮುಗಿಯುತ್ತದೆ. ಒಂದೇ ಹಂಚಿನ ಮೇಲೆ ರೊಟ್ಟಿ ಬೇಯಿಸೋಕೆ ಹತ್ತು ಜನ ನಿಂತು ಉಪಯೋಗವಿಲ್ಲ. ವಿಡಿಯೊ ಎಡಿಟಿಂಗ್ ಹಂಚಿಕೊಳ್ಳುವ ಕೆಲಸ, ಕೋರ್ ಹೆಚ್ಚಿದ್ದಷ್ಟೂ ಒಳ್ಳೆಯದು. ಆನ್‌ಲೈನ್ ಕ್ಲಾಸ್, ನುಡಿಯಲ್ಲಿ ಟೈಪಿಂಗ್, ಅಂಗಡಿ ಲೆಕ್ಕಕ್ಕೆ ಈಗಿನ 4 ಕೋರ್ ಸಾಕು. ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ 6 ತಗೊಳ್ಳಿ.

ಇಂಟೆಲ್ ಡೆಸ್ಕ್‌ಟಾಪ್ ನಂಬರ್ ಕೊನೆಗೆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರೋದಿಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಮೂಡದು. ಒಳಗೇ ಗ್ರಾಫಿಕ್ಸ್ ಇರುವುದನ್ನು ಕೊಂಡು, ಉಳಿದ ದುಡ್ಡನ್ನು ಎಸ್‌ಎಸ್‌ಡಿಗೆ (ಫೈಲ್ ಇಡುವ ವೇಗದ ಡಿಸ್ಕ್) ಹಾಕಿ. 16 ಜಿಬಿ ರ್‍ಯಾಮ್ ಬೇಕಿದ್ದರೆ 8ರ ಎರಡು ಪಟ್ಟಿ ಕೇಳಿ. ಒಳಗಿನ ಗ್ರಾಫಿಕ್ಸ್ ಅದೇ ರ್‍ಯಾಮನ್ನೇ ಬಳಸುವುದರಿಂದ ಮಾಹಿತಿ ಓಡಾಡಲು ಎರಡು ದಾರಿ ಸಿಕ್ಕಷ್ಟೂ ಚುರುಕು.

ದುಡ್ಡು ಕೊಡುವ ಮುಂಚೆ ಯಂತ್ರ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ನೋಡಿ. ಪ್ರೊಸೆಸರ್‌ನ ಪೂರ್ತಿ ಹೆಸರು ಬಲಗಡೆ ಮೇಲೆ ಇರುತ್ತದೆ. ಅದನ್ನೇ ಅಕ್ಷರ ಬಿಡದೆ ಬಿಲ್ ಮೇಲೂ ಬರೆಸಿಕೊಳ್ಳಿ.